ಮನೆಗಾಡಿಯ ಎಚ್ಚರಿಕೆಯ ಗಂಟೆ
(ಬಿಟ್ಟು ಬಿಟ್ಟು ತೋರುವ ವಿದ್ಯುದ್ದೋಷವನ್ನು ಕಂಡುಹಿಡಿಯುವ ಬಗೆ)

ಯಂತ್ರಗಳಿಗೆ ತಗಲುವ ದೋಷಗಳಲ್ಲಿ ಎರಡು ಬಗೆ. ಒಮ್ಮೆ ತೋರಿ, ಸರಿಪಡಿಸುವವರೆಗೂ ನಿಂತೇ ಇರತಕ್ಕದ್ದು ಒಂದು. ಕೆಲವು ಹೊತ್ತು ತೋರಿ, ಕೆಲವು ಹೊತ್ತು ಅಡಗಿ, ಪರೀಕ್ಷಿಸಹೊರಟಾಗ ಕಾಣಿಸದೆ ಹೋಗತಕ್ಕದ್ದು ಇನ್ನೊಂದು. ಮೊದಲನೆಯದನ್ನು ಸಾಮಾನ್ಯ ಕೆಲಸಗಾರನೂ ಕಂಡುಹಿಡಿದಾನು. ಎರಡನೆಯದು ನುರಿತವನನ್ನೂ ದಣಿಸುತ್ತದೆ. ಬಿಟ್ಟು ಬಿಟ್ಟು ಬರುವ ಚಳಿಜ್ವರದ ರೋಗಿ ವೈದ್ಯನ ಬಳಿಗೆ ಹೋದ ದಿನವೇ ಅವನ ಮೈ ತಣ್ಣಗಿರುವುದುಂಟು. ಆಗ ತಿಳಿದ ವೈದ್ಯನು "ನಿನಗೆ ರೋಗವಿಲ್ಲ, ಹೋಗು" ಎನ್ನುವುದಿಲ್ಲ, "ಜ್ವರ ಯಾವ ಹೊತ್ತಿಗೆ ಏರುತ್ತದೆ? ಯಾವ ಹೊತ್ತಿಗೆ ಇಳಿಯುತ್ತದೆ?" ಎಂದು ಕೇಳುತ್ತಾನೆ. ವಿದ್ಯುದ್ದೋಷಗಳ ವಿಷಯದಲ್ಲಿಯೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಅಡಗಿ ತೋರುವ ದೋಷವು ಮನಬಂದಂತೆ ಬರುವುದಲ್ಲ. ಯಾವುದೋ ಒಂದು ಸನ್ನಿವೇಶ ಕೂಡಿದಾಗ ಮಾತ್ರ ಬರುತ್ತದೆ. ಆ ಸನ್ನಿವೇಶವನ್ನು ತಿಳಿದವನಿಗೆ ದೋಷದ ಮನೆ ತಾನಾಗಿ ತಿಳಿಯುತ್ತದೆ.

ಇದನ್ನು ಮನಗಾಣಲು 'ಮೋಟಾರ್ ಹೋಮ್' ಎಂಬ ಮನೆಗಾಡಿಗಿಂತ ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಮಲಗುವ ಮಂಚ, ಅಡಿಗೆಯ ಒಲೆ, ಶೀತಪೆಟ್ಟಿಗೆ, ಸ್ನಾನದ ಕೋಣೆ ಎಲ್ಲವನ್ನೂ ಒಳಗೊಂಡು, ತನ್ನ ಎಂಜಿನಿನಿಂದಲೇ ಓಡುವ ವಾಹನವಿದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದರ ಬಳಕೆ ಬಹಳ. ಅಲ್ಲಿನ ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ ವಿನ್ನೆಬಾಗೋ ಸಂಸ್ಥೆಯು ೧೯೬೬ರಿಂದ ಇವುಗಳನ್ನು ತಯಾರಿಸತೊಡಗಿತು. ನಾವಿರುವ ಕೇರಳ ರಾಜ್ಯದ ಸರಕಾರವೂ ೨೦೨೧ರಲ್ಲಿ 'ಕೆರವಾನ್ ಕೇರಳ' ಎಂಬ ಹೆಸರಿನಿಂದ ಇಂತಹ ಗಾಡಿಗಳ ಪ್ರವಾಸಕ್ಕೊಂದು ನೀತಿಯನ್ನು ರೂಪಿಸಿತು. ಆದರೆ ನಮ್ಮ ವಿವರಣೆಗೆ ಅಮೆರಿಕದ ಗಾಡಿಯನ್ನೇ ತೆಗೆದುಕೊಳ್ಳೋಣ. ಮನೆಯೊಂದರ ವಿದ್ಯುತ್ ವ್ಯವಸ್ಥೆಯನ್ನು ಹೆದ್ದಾರಿಯ ಕುಲುಕಾಟಕ್ಕೂ ಮಳೆಬಿಸಿಲಿಗೂ ಒಡ್ಡಿದರೆ ಏನಾಗುತ್ತದೆಂಬುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಒಂದೇ ಗಾಡಿಯಲ್ಲಿ ಮೂರು ಸಂಸಾರ

ಮನೆಗಾಡಿಯಲ್ಲಿ ವಿದ್ಯುತ್ತಿನ ಮೂರು ಬೇರೆ ಬೇರೆ ಸಂಸಾರಗಳಿವೆ. ಎಂಜಿನನ್ನು ಎಬ್ಬಿಸುವ, ಮುಂದೀಪಗಳನ್ನು ಬೆಳಗಿಸುವ ಬ್ಯಾಟರಿಯದು ಮೊದಲನೆಯದು. ಒಳಗಿನ ದೀಪ, ನೀರಿನ ಪಂಪು, ಬೆಚ್ಚಗೆ ಮಾಡುವ ಕುಲುಮೆಯ ಗಾಳಿಯಂತ್ರ, ಅನಿಲದ ಕಾವಲುಯಂತ್ರ ಇವುಗಳಿಗೆ ಶಕ್ತಿ ಕೊಡುವ ಮನೆಯ ಬ್ಯಾಟರಿಯದು ಎರಡನೆಯದು. ಇವೆರಡೂ ಸಾಮಾನ್ಯವಾಗಿ ೧೨ ವೋಲ್ಟಿನವು. ಗಾಡಿಯನ್ನು ತಂಗುದಾಣದಲ್ಲಿ ನಿಲ್ಲಿಸಿದಾಗ ಹೊರಗಿನ ಕಂಬದಿಂದ ಪಡೆಯುವ ೧೨೦ ವೋಲ್ಟಿನ ಪ್ರವಾಹದ್ದು ಮೂರನೆಯದು. ಯುರೋಪಿನಲ್ಲಾದರೆ ಅದು ೨೩೦ ವೋಲ್ಟು. ಹೊರಗಿನ ಪ್ರವಾಹವನ್ನು ಇಳಿಸಿ ಮನೆಯ ಬ್ಯಾಟರಿಯನ್ನು ತುಂಬುವ ಯಂತ್ರವೊಂದುಂಟು. ಬ್ಯಾಟರಿಯ ಶಕ್ತಿಯನ್ನೇ ಏರಿಸಿ ದೊಡ್ಡ ಉಪಕರಣಗಳಿಗೆ ಕೊಡುವ ಇನ್ವರ್ಟರ್ ಎಂಬ ಇನ್ನೊಂದು ಯಂತ್ರವೂ ಉಂಟು.

ಗಂಟೆ ಬಾರಿಸಿದ ಕೂಡಲೇ ನಿರ್ಧರಿಸಬೇಕಾದ ವಿಷಯ ಇದು: ಕೂಗಿದ್ದು ಯಾವ ಯಂತ್ರ, ಅದು ಯಾವ ಸಂಸಾರಕ್ಕೆ ಸೇರಿದ್ದು? ಇದನ್ನು ತಿಳಿಯದೆ ಕೈಹಾಕುವವನು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವನಂತಾಗುತ್ತಾನೆ. ಎಂಜಿನಿನ ಬ್ಯಾಟರಿಯನ್ನು ಬದಲಿಸಿದರೆ ಮನೆಯ ಭಾಗದ ಕೂಗು ನಿಲ್ಲುವುದೆ?

ಮೊದಲು ವಿಧೇಯತೆ, ಆಮೇಲೆ ವಿಚಾರ

ಪರೀಕ್ಷೆಯ ಕ್ರಮವನ್ನು ಹೇಳುವ ಮೊದಲು ಒಂದು ನಿಯಮವನ್ನು ಮನಸ್ಸಿನಲ್ಲಿ ನಾಟಿಸಿಕೊಳ್ಳಬೇಕು. ಕೆಲವು ಗಂಟೆಗಳು ಅನುಕೂಲಕ್ಕಾಗಿ ಇರುವುವು. ಕೆಲವು ಪ್ರಾಣರಕ್ಷಣೆಗಾಗಿ ಇರುವುವು. ಹೊಗೆ, ಅಡಿಗೆ ಅನಿಲ, ಕಾರ್ಬನ್ ಮಾನಾಕ್ಸೈಡ್, ಬ್ರೇಕಿನ ಗಾಳಿಯೊತ್ತಡ, ಇವುಗಳನ್ನು ಕುರಿತ ಗಂಟೆ ಕೂಗಿದರೆ "ಇದು ಸುಳ್ಳು ಕೂಗಿರಬಹುದು" ಎಂದು ತರ್ಕಿಸುತ್ತ ಕುಳಿತುಕೊಳ್ಳಕೂಡದು.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಜಿನು, ಜನರೇಟರು, ಸರಿಯಾಗಿ ಉರಿಯದ ಒಲೆ ಇವುಗಳಿಂದ ಹೊರಬರುವ ಈ ಅನಿಲವು ನಮ್ಮ ರಕ್ತದ ಹಿಮೋಗ್ಲೋಬಿನನ್ನು ಆಮ್ಲಜನಕಕ್ಕಿಂತ ೨೦೦ ಪಾಲಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಮಲಗಿದವರು ಮಲಗಿದಲ್ಲೇ ಪ್ರಜ್ಞೆ ಕಳೆದುಕೊಳ್ಳುತ್ತಾರೆ. ಒಲೆಗೆ ಬಳಸುವ ಪ್ರೊಪೇನ್ ಅನಿಲವಾದರೋ ಗಾಳಿಗಿಂತ ಸುಮಾರು ಒಂದೂವರೆ ಪಾಲು ಭಾರವಾದುದರಿಂದ ನೆಲದ ಮಟ್ಟದಲ್ಲಿ ಕೂಡಿಕೊಳ್ಳುತ್ತದೆ. ಆದುದರಿಂದಲೇ ಅದರ ಕಾವಲುಯಂತ್ರವನ್ನು ನೆಲದ ಹತ್ತಿರ ಇರಿಸುತ್ತಾರೆ. ಈ ಗಂಟೆಗಳು ಪೂರ್ಣವಾಗಿ ಮೊಳಗಿದಾಗ ಎಲ್ಲರೂ ಹೊರಗೆ ಹೋಗತಕ್ಕದ್ದು. ಅನಿಲವಾದರೆ ಸಿಲಿಂಡರಿನ ಕವಾಟವನ್ನು ಹೊರಗಿನಿಂದ ಮುಚ್ಚತಕ್ಕದ್ದು. ಒಳಗಿನ ಯಾವ ಗುಂಡಿಯನ್ನೂ ಒತ್ತಕೂಡದು, ಬೆಂಕಿಕಡ್ಡಿ ಗೀರಕೂಡದು. ತಲೆನೋವು, ವಾಂತಿ, ಮಂಪರು ಕಂಡರೆ ವೈದ್ಯರ ನೆರವನ್ನು ತಡಮಾಡದೆ ಪಡೆಯಬೇಕು. ಗಾಡಿಯೊಳಗೆ ಅಪಾಯವಿಲ್ಲವೆಂದು ಖಚಿತವಾದ ಬಳಿಕವೇ ಗಂಟೆಯ ವಿಚಾರಣೆ.

ಇಲ್ಲಿ ಧ್ವನಿಯ ಭೇದವನ್ನೂ ಅರಿತಿರಬೇಕು. ಅಮೆರಿಕದ ಪದ್ಧತಿಯಲ್ಲಿ ಮೂರು ಮೂರಾಗಿ ಕೂಗಿ ತಡೆದು ಮತ್ತೆ ಕೂಗುವುದು ಹೊಗೆಯ ಸೂಚನೆ; ನಾಲ್ಕು ನಾಲ್ಕಾಗಿ ಕೂಗುವುದು ಕಾರ್ಬನ್ ಮಾನಾಕ್ಸೈಡಿನ ಸೂಚನೆ. ಆಗೊಮ್ಮೆ ಈಗೊಮ್ಮೆ ಹಕ್ಕಿಯಂತೆ 'ಚಿಕ್' ಎನ್ನುವ ಒಂಟಿ ಸ್ವರವು ಸಾಮಾನ್ಯವಾಗಿ "ನನಗೆ ಶಕ್ತಿ ಸಾಲದು" ಎಂದೋ "ನನ್ನ ಆಯುಷ್ಯ ತೀರಿತು" ಎಂದೋ ಯಂತ್ರವು ತನ್ನನ್ನು ಕುರಿತು ಹೇಳಿಕೊಳ್ಳುವ ಮಾತು. ಇಂತಹ ಯಂತ್ರಗಳ ಒಳಗಿನ ಗ್ರಾಹಕಾಂಗವು ಕೆಲವೇ ವರ್ಷ ಬಾಳುತ್ತದೆ. ಅವಧಿಯು ಯಂತ್ರದ ಬೆನ್ನಿನ ಮೇಲೆ ಮುದ್ರಿತವಾಗಿರುತ್ತದೆ. ಅವಧಿ ಮೀರಿದುದನ್ನು ಬದಲಿಸಬೇಕಲ್ಲದೆ ರಿಪೇರಿ ಮಾಡಲಾಗದು.

ಓಮನ ನಿಯಮವೇ ಕೈದೀಪ

ಈಗ 'ಶಕ್ತಿ ಸಾಲದು' ಎಂಬ ಕೂಗನ್ನು ವಿಚಾರಿಸೋಣ. ಮನೆಗಾಡಿಗಳಲ್ಲಿ ಬಿಟ್ಟು ಬಿಟ್ಟು ಕೇಳಿಬರುವ ಕೂಗುಗಳಲ್ಲಿ ಇದೇ ಬಹು ಸಾಮಾನ್ಯ. ಇದರ ರಹಸ್ಯವು ಜರ್ಮನಿಯ ಜಾರ್ಜ್ ಓಮನು ೧೮೨೭ರಲ್ಲಿ ಪ್ರಕಟಿಸಿದ ನಿಯಮದಲ್ಲಿದೆ. ತಂತಿಯಲ್ಲಾಗಲಿ ಜೋಡಣೆಯಲ್ಲಾಗಲಿ ನಷ್ಟವಾಗುವ ವೋಲ್ಟು, ಅದರಲ್ಲಿ ಹರಿಯುವ ಪ್ರವಾಹವನ್ನು ಅದರ ರೋಧದಿಂದ ಗುಣಿಸಿದಷ್ಟು. ತುಕ್ಕು ಹಿಡಿದ ಒಂದು ತಿರುಪಿನಲ್ಲಿ ೦.೧ ಓಮ್ ರೋಧವಿದೆ ಎನ್ನೋಣ. ಅದರಲ್ಲಿ ೧ ಆಂಪಿಯರ್ ಹರಿದರೆ ನಷ್ಟ ೦.೧ ವೋಲ್ಟು, ಯಾರ ಗಮನಕ್ಕೂ ಬಾರದು. ೧೦ ಆಂಪಿಯರ್ ಹರಿದರೆ ನಷ್ಟ ೧ ವೋಲ್ಟು. ೧೨ ವೋಲ್ಟಿನ ಬಡ ಸಂಸಾರದಲ್ಲಿ ೧ ವೋಲ್ಟೆಂದರೆ ಅಲ್ಪವಲ್ಲ. ೨೩೦ ವೋಲ್ಟಿನ ನಮ್ಮ ಮನೆಗಳಲ್ಲಿ ತಿಳಿಯದೆ ಹೋಗುವ ಜೋಡಣೆಯ ದೋಷವು ಈ ಗಾಡಿಯಲ್ಲಿ ಗಂಟೆ ಬಾರಿಸಲು ಕಾರಣ ಇದೇ.

ಸೀಸದ ಬ್ಯಾಟರಿಯು ಪೂರ್ಣವಾಗಿ ತುಂಬಿ, ಕೆಲವು ಗಂಟೆ ವಿಶ್ರಮಿಸಿದ ಬಳಿಕ ಸುಮಾರು ೧೨.೬ ರಿಂದ ೧೨.೭ ವೋಲ್ಟು ತೋರಿಸುತ್ತದೆ. ಅರ್ಧ ಬರಿದಾದಾಗ ಸುಮಾರು ೧೨.೧. ತುಂಬಿಸುತ್ತಿರುವಾಗ ೧೩.೫ ರಿಂದ ೧೪.೪ರ ವರೆಗೆ ಏರಿರುವುದು. ಇತ್ತೀಚೆಗೆ ಬಳಕೆಗೆ ಬಂದಿರುವ ಲಿಥಿಯಂ ಬ್ಯಾಟರಿಗಳಿಗೆ ಈ ಅಂಕಿಗಳು ಹೊಂದುವುದಿಲ್ಲ. ಅವು ಬರಿದಾಗುವ ಸ್ವಲ್ಪ ಮುಂಚಿನ ತನಕವೂ ೧೩ ವೋಲ್ಟಿನ ಆಸುಪಾಸಿನಲ್ಲೇ ಇರುವುದರಿಂದ ಅಳತೆಯ ಅರ್ಥ ಬೇರೆ.

ಒಂದು ರಾತ್ರಿಯ ಲೆಕ್ಕ

ಉದಾಹರಣೆಯೊಂದನ್ನು ಕಲ್ಪಿಸಿಕೊಳ್ಳೋಣ. ಚಳಿಗಾಲದಲ್ಲಿ ಕಾಡಿನ ಅಂಚಿನಲ್ಲಿ, ಹೊರಗಿನ ವಿದ್ಯುತ್ತಿಲ್ಲದೆ, ಒಂದು ಮನೆಗಾಡಿ ತಂಗಿದೆ. ಒಳಗಿನ ಕಾವಲುಯಂತ್ರವು ತನಗೆ ೧೧ ವೋಲ್ಟಿಗಿಂತ ಕಡಿಮೆ ದೊರೆತಾಗ ಕೂಗತಕ್ಕದ್ದು. ಹಗಲು ಕೂಗಿಲ್ಲ, ಸಂಜೆ ಕೂಗಿಲ್ಲ, ನಡುರಾತ್ರಿ ಕಳೆದ ಮೇಲೆ ಹತ್ತು ನಿಮಿಷ ಕೂಗಿ ಸುಮ್ಮನಾಗುತ್ತದೆ, ಅರ್ಧ ಗಂಟೆಯ ಮೇಲೆ ಮತ್ತೆ ಕೂಗುತ್ತದೆ. ಬೆಳಿಗ್ಗೆ ಕೆಲಸಗಾರ ಬಂದು ನೋಡುವಾಗ ಎಲ್ಲವೂ ಸರಿ.

ಈ ಗಾಡಿಯ ಋಣತಂತಿಯನ್ನು ಉಕ್ಕಿನ ಅಡಿಚೌಕಟ್ಟಿಗೆ ಬಿಗಿದ ಬೋಲ್ಟಿನಲ್ಲಿ ಮೇಲೆ ಹೇಳಿದ ೦.೧ ಓಮ್ ರೋಧವೂ ಧನದ ದಾರಿಯಲ್ಲೆಲ್ಲ ಕೂಡಿ ೦.೦೨ ಓಮ್ ರೋಧವೂ ಇವೆಯೆಂದು ತಿಳಿಯೋಣ. ಹಗಲು ಹರಿಯುವ ಪ್ರವಾಹ ೧ ಆಂಪಿಯರ್ ಮಾತ್ರ. ನಷ್ಟ ೦.೧೨ ವೋಲ್ಟು. ರಾತ್ರಿ ಚಳಿಯಿಂದ ಕುಲುಮೆಯ ಗಾಳಿಯಂತ್ರ ತಿರುಗಿದಾಗ ಒಟ್ಟು ಪ್ರವಾಹ ೧೦ ಆಂಪಿಯರಿಗೆ ಏರುತ್ತದೆ, ನಷ್ಟ ೧.೨ ವೋಲ್ಟು. ಸಂಜೆ ಬ್ಯಾಟರಿ ತುಂಬಿದ್ದು, ಆ ಭಾರದಲ್ಲಿಯೂ ೧೨.೩ ವೋಲ್ಟು ಕೊಡುತ್ತದೆ. ಕಾವಲುಯಂತ್ರಕ್ಕೆ ದೊರೆಯುವುದು ೧೧.೧, ಕೂಗಿಲ್ಲ. ನಡುರಾತ್ರಿಯ ಬಳಿಕ ಬ್ಯಾಟರಿಯು ಭಾರದಲ್ಲಿ ೧೨.೧ಕ್ಕೆ ಇಳಿದಿರುತ್ತದೆ. ಯಂತ್ರಕ್ಕೆ ದೊರೆಯುವುದು ೧೦.೯, ಕೂಗುತ್ತದೆ. ಕೋಣೆ ಬೆಚ್ಚಗಾಗಿ ಗಾಳಿಯಂತ್ರ ನಿಂತ ಕೂಡಲೇ ಕೂಗೂ ನಿಲ್ಲುತ್ತದೆ. ಬೆಳಿಗ್ಗೆ ಎಂಜಿನು ಚಲಿಸಿ ಬ್ಯಾಟರಿ ತುಂಬತೊಡಗಿದ ಮೇಲೆ ಕೂಗುವ ಪ್ರಶ್ನೆಯೇ ಇಲ್ಲ.

ನೋಡಿರಿ, ದೋಷವು ಬಂದು ಹೋಗುತ್ತಿರಲಿಲ್ಲ. ಬೋಲ್ಟಿನಲ್ಲಿ ಹಗಲಿರುಳೂ ಇತ್ತು. ಬಂದು ಹೋಗುತ್ತಿದ್ದುದು ಭಾರ ಮಾತ್ರ.

ಯಜಮಾನನು ಆತುರಪಟ್ಟು ಹೊಸ ಬ್ಯಾಟರಿಯನ್ನು ಕೊಂಡನೆನ್ನಿ. ಹೊಸತು ಭಾರದಲ್ಲಿಯೂ ವೋಲ್ಟನ್ನು ಕೊಂಚ ಎತ್ತರದಲ್ಲಿ ಹಿಡಿದಿಡುವುದರಿಂದ ಕೆಲವು ರಾತ್ರಿ ಗಂಟೆ ಸುಮ್ಮನಿರುತ್ತದೆ. "ರೋಗ ಹೋಯಿತು" ಎಂದು ಅವನು ಸಂತೋಷಪಡುತ್ತಾನೆ. ಒಂದು ಕಡುಚಳಿಯ ರಾತ್ರಿ ಕುಲುಮೆ ಹೆಚ್ಚು ಹೊತ್ತು ಓಡಿದಾಗ ಕೂಗು ಮರಳುತ್ತದೆ. ಹಣ ಹೋದುದೊಂದು ನಷ್ಟ. "ಈ ಯಂತ್ರಕ್ಕೇ ಹುಚ್ಚು" ಎಂದು ಬೇಸರಗೊಂಡು ಅದರ ತಂತಿಯನ್ನೇ ಕಳಚುವುದು ಅದಕ್ಕಿಂತ ದೊಡ್ಡ ನಷ್ಟ. ಏಕೆಂದರೆ ಅನಿಲ ನಿಜವಾಗಿ ಸೋರುವ ರಾತ್ರಿ ಎಬ್ಬಿಸುವವರು ಯಾರೂ ಇರುವುದಿಲ್ಲ. ಅಲ್ಲದೆ ಆ ಬೋಲ್ಟಿನಲ್ಲಿ ೧ ವೋಲ್ಟು, ೧೦ ಆಂಪಿಯರ್, ಅಂದರೆ ೧೦ ವಾಟಿನಷ್ಟು ಶಾಖ ಹುಟ್ಟುತ್ತಲೇ ಇರುತ್ತದೆ. ಕಾದು ತಣಿಯುವುದರಿಂದ ಜೋಡಣೆ ಇನ್ನಷ್ಟು ಸಡಿಲವಾಗಿ ರೋಧ ಇನ್ನಷ್ಟು ಬೆಳೆಯುತ್ತದೆ.

ಅಳೆಯುವ ಕ್ರಮ

ಇದಕ್ಕೆ ಬೇಕಾದುದು ಒಂದು ಮಲ್ಟಿಮೀಟರು ಮತ್ತು ತಾಳ್ಮೆ. ರೋಧವನ್ನು ನೇರವಾಗಿ ಅಳೆಯಹೋಗಬಾರದು. ಇಷ್ಟು ಅಲ್ಪವಾದ ರೋಧವನ್ನು ಸಾಮಾನ್ಯ ಮೀಟರು ಸರಿಯಾಗಿ ತೋರಿಸಲಾರದು. ಭಾರ ಹೇರಿ, ವೋಲ್ಟಿನ ನಷ್ಟವನ್ನು ಅಳೆಯಬೇಕು. ಕುಲುಮೆ, ದೀಪ, ಪಂಪುಗಳನ್ನು ಚಾಲೂ ಮಾಡಿ, ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಸೀಸದ ಗೂಟದ ಮೇಲೂ ಇನ್ನೊಂದನ್ನು ಅದನ್ನು ಅಪ್ಪಿರುವ ಹಿಡಿಕೆಯ ಮೇಲೂ ಇರಿಸಿರಿ. ಎರಡೂ ಒಂದನ್ನೊಂದು ಮುಟ್ಟಿಕೊಂಡಿರುವುದರಿಂದ ಮೀಟರು ಬಹುಮಟ್ಟಿಗೆ ಸೊನ್ನೆಯನ್ನು ತೋರಿಸಬೇಕು. ೦.೧ ವೋಲ್ಟಿಗಿಂತ ಹೆಚ್ಚು ತೋರಿದರೆ ಕಳ್ಳನು ಅಲ್ಲಿಯೇ ಇದ್ದಾನೆ. ಇಲ್ಲವಾದರೆ ಹಿಡಿಕೆಯಿಂದ ತಂತಿಯ ಕೊನೆಗೆ, ಅಲ್ಲಿಂದ ಫ್ಯೂಸಿನ ಎರಡು ಬದಿಗಳಿಗೆ, ಅಲ್ಲಿಂದ ಹಂಚುಪೆಟ್ಟಿಗೆಗೆ, ಹೀಗೆ ಮೆಟ್ಟಲು ಮೆಟ್ಟಲಾಗಿ ಸಾಗಬೇಕು. ಧನದ ದಾರಿಯಷ್ಟೇ ಶ್ರದ್ಧೆಯಿಂದ ಋಣದ ದಾರಿಯನ್ನೂ ನಡೆಯಬೇಕು. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಹಿಂದಿರುಗುವ ದಾರಿಯನ್ನು ಮರೆಯುತ್ತಾರೆ. ಗಾಡಿಯ ಅಡಿಯಲ್ಲಿ ಕೆಸರುನೀರು ಸಿಡಿಯುವಲ್ಲಿ ಇರುವುದು ಆ ಋಣದ ಬೋಲ್ಟೇ. ಹೋಗಿಬರುವ ದಾರಿಗಳೆರಡೂ ಸೇರಿ ನಷ್ಟವು ನೂರಕ್ಕೆ ಮೂರರಷ್ಟು, ಅಂದರೆ ೦.೩೬ ವೋಲ್ಟನ್ನು ಮೀರದಿರುವುದು ಒಳ್ಳೆಯ ಕೆಲಸದ ಲಕ್ಷಣ.

ದೋಷ ಸಿಕ್ಕಿದ ಮೇಲೆ ಹೊರಗಿನ ವಿದ್ಯುತ್ತನ್ನು ಕಳಚಿ, ಎಲ್ಲ ಉಪಕರಣಗಳನ್ನು ನಿಲ್ಲಿಸಿ, ಕೈಯ ಉಂಗುರ ಕಡಗಗಳನ್ನು ತೆಗೆದಿಟ್ಟು, ಬ್ಯಾಟರಿಯ ಋಣತಂತಿಯನ್ನು ಮೊದಲು ಬಿಚ್ಚಬೇಕು. ಮರಳಿ ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು. ಲೋಹ ಹೊಳೆಯುವ ತನಕ ಕಿಲುಬನ್ನು ಉಜ್ಜಿ ತೆಗೆದು, ಬಿಗಿಯಾಗಿ ತಿರುಪಿ, ಮೇಲೆ ತುಕ್ಕು ತಡೆಯುವ ಲೇಪವನ್ನು ಹಚ್ಚಬೇಕು.

ಕುಲುಕು, ಬಿಸಿ, ತೇವ

ಭಾರವಲ್ಲದೆ ಇನ್ನು ಮೂರು ಸನ್ನಿವೇಶಗಳು ದೋಷವನ್ನು ಹೊರಗೆಡಹುತ್ತವೆ. ಕುಲುಕಿನಿಂದ ತಂತಿಯ ಹೊದಿಕೆ ಲೋಹದ ಅಂಚಿಗೆ ಉಜ್ಜಿ ಸವೆಯುತ್ತದೆ. ಬಿಸಿಯಿಂದ ಜೋಡಣೆಗಳು ಹಿಗ್ಗಿ ಬಿಟ್ಟುಕೊಳ್ಳುತ್ತವೆ. ತೇವದಿಂದ, ಹರಿಯಬಾರದಲ್ಲಿ ಪ್ರವಾಹ ಹರಿಯುತ್ತದೆ. ಗಾಡಿ ಹಳ್ಳ ದಾಟುವಾಗ ಮಾತ್ರ ಗಂಟೆಯಾದರೆ ನಿಂತಲ್ಲಿ ತಂತಿಯ ಕಟ್ಟುಗಳನ್ನು ಒಂದೊಂದಾಗಿ ಮೆಲ್ಲಗೆ ಅಲುಗಿಸಿ ನೋಡಬೇಕು; ಮಳೆಯ ಮರುದಿನ ಆದರೆ ನೀರು ಇಳಿಯುವ ದಾರಿಯನ್ನು ಹುಡುಕಬೇಕು.

ಹಳೆಯ ಮಾದರಿಯ ಅನೇಕ ಎಂಜಿನುಗಳಲ್ಲಿ ಎಣ್ಣೆಯೊತ್ತಡದ ದೀಪದ ರಚನೆ ಇಲ್ಲಿ ವಿಚಾರಯೋಗ್ಯ. ಒತ್ತಡ ಇಳಿದಾಗ ಒಂದು ಸ್ವಿಚ್ಚು ತಂತಿಯನ್ನು ಎಂಜಿನಿನ ಲೋಹಕ್ಕೆ ಮುಟ್ಟಿಸುತ್ತದೆ, ದೀಪ ಹೊತ್ತುತ್ತದೆ. ಈ ತಂತಿಯ ಹೊದಿಕೆ ಸವೆದು ದಾರಿಯಲ್ಲೇ ಲೋಹವನ್ನು ಮುಟ್ಟಿದರೆ ಒತ್ತಡ ಸರಿಯಿದ್ದರೂ ದೀಪ ಹೊತ್ತುತ್ತದೆ. ಇದು ಸುಳ್ಳು ಕೂಗು. ಅದೇ ತಂತಿ ತುಂಡಾದರೆ ಒತ್ತಡ ಪೂರ್ತಿ ಇಳಿದರೂ ದೀಪ ಹೊತ್ತದು. ಇದು ಸುಳ್ಳು ಮೌನ. ಸುಳ್ಳು ಕೂಗು ನಿದ್ದೆ ಕೆಡಿಸೀತು. ಸುಳ್ಳು ಮೌನವು ಎಂಜಿನನ್ನೇ ಕೆಡಿಸೀತು. ಆದುದರಿಂದ ಪ್ರತಿ ದಿನವೂ ಎಂಜಿನನ್ನು ಎಬ್ಬಿಸುವ ಮುನ್ನ ಕೀಲಿ ತಿರುಗಿಸಿದಾಗ ಆ ದೀಪ ಒಮ್ಮೆ ಹೊತ್ತುತ್ತದೆಯೇ ಎಂದು ನೋಡತಕ್ಕದ್ದು. ಹೊತ್ತದಿದ್ದರೆ ಕಾವಲುಗಾರ ಮಲಗಿದ್ದಾನೆಂದು ಅರ್ಥ.

ಕೂಗು ನಿಜವೋ ಸುಳ್ಳೋ ಎಂಬುದನ್ನು ನಿರ್ಣಯಿಸಲು ಇನ್ನೊಬ್ಬ ಸಾಕ್ಷಿ ಬೇಕು. ದೊಡ್ಡ ಡೀಸೆಲ್ ಮನೆಗಾಡಿಗಳ ಬ್ರೇಕು ಗಾಳಿಯ ಒತ್ತಡದಿಂದ ನಡೆಯುತ್ತದೆ. ಅಮೆರಿಕದ ಕಾನೂನಿನಂತೆ ಒತ್ತಡವು ಚದರ ಇಂಚಿಗೆ ೬೦ ಪೌಂಡಿಗಿಂತ ಇಳಿದರೆ ಎಚ್ಚರಿಕೆ ಕೊಡತಕ್ಕದ್ದು. ಎಚ್ಚರಿಕೆ ಕೂಗಿದೊಡನೆ ಗಾಡಿಯನ್ನು ಬದಿಗೆ ನಿಲ್ಲಿಸಿ ಮುಳ್ಳಿನ ಮಾಪಕವನ್ನು ನೋಡಬೇಕು. ಮುಳ್ಳೂ ಇಳಿದಿದ್ದರೆ ಕೂಗು ನಿಜ. ಮುಳ್ಳು ೧೦೦ರ ಮೇಲೆ ಅಲುಗದೆ ನಿಂತಿದ್ದರೆ ಸ್ವಿಚ್ಚಿನಲ್ಲೋ ತಂತಿಯಲ್ಲೋ ದೋಷವಿರುವ ಸಂಭವ ಹೆಚ್ಚು. ಹಾಗಿದ್ದರೂ ಬ್ರೇಕನ್ನು ಪರೀಕ್ಷಿಸದೆ ಮುಂದೆ ಹೋಗಕೂಡದು.

ಎರಡು ಸಂಸಾರಗಳು ಕೂಡಿ ಹುಟ್ಟಿಸುವ ವಿಚಿತ್ರ ಕೂಗೊಂದುಂಟು. ತುಂಬಿಸುವ ಯಂತ್ರ ಕೆಟ್ಟು ಸೀಸದ ಬ್ಯಾಟರಿಯನ್ನು ಮಿತಿಮೀರಿ ತುಂಬಿಸಿದರೆ ಜಲಜನಕ ಹೊರಬರುತ್ತದೆ. ಕಾರ್ಬನ್ ಮಾನಾಕ್ಸೈಡಿನ ಕಾವಲುಯಂತ್ರ ಅದಕ್ಕೂ ಮೊಳಗುವುದುಂಟು. ಹೊರಗಿನ ವಿದ್ಯುತ್ತಿಗೆ ಜೋಡಿಸಿದಾಗ ಮಾತ್ರ ಮೊಳಗುವುದು, ಬ್ಯಾಟರಿ ಬಿಸಿಯಾಗಿರುವುದು, ಕೊಳೆತ ಮೊಟ್ಟೆಯ ವಾಸನೆ, ಇವು ಅದರ ಕುರುಹು. ಇಲ್ಲಿ ಕೂಗಿನ ಹೆಸರು ತಪ್ಪಿದರೂ ಕೂಗು ಸುಳ್ಳಲ್ಲ. ಜಲಜನಕವು ಕಿಡಿ ತಗಲಿದರೆ ಸ್ಫೋಟಿಸುವ ಅನಿಲ.

೧೨೦ ಅಥವಾ ೨೩೦ ವೋಲ್ಟಿನ ಭಾಗವನ್ನು ಮಾತ್ರ ಪರಿಣತ ವಿದ್ಯುತ್ ಕೆಲಸಗಾರನಿಗೇ ಬಿಡತಕ್ಕದ್ದು. ನೆಲಕ್ಕೆ ಸೋರುವ ಪ್ರವಾಹವನ್ನು ಕಂಡು ತಾನಾಗಿ ಕಡಿದುಕೊಳ್ಳುವ ಸ್ವಿಚ್ಚು ಅಮೆರಿಕದಲ್ಲಿ ಸುಮಾರು ೫ ಮಿಲಿ ಆಂಪಿಯರಿಗೂ ಯುರೋಪಿನಲ್ಲಿ ೩೦ ಮಿಲಿ ಆಂಪಿಯರಿಗೂ ಎಚ್ಚರಗೊಳ್ಳುತ್ತದೆ. ಅದು ಆಗಾಗ ಕಡಿದುಕೊಳ್ಳುತ್ತಿದ್ದರೆ ಆ ಹೊತ್ತಿನಲ್ಲಿ ಯಾವ ಉಪಕರಣ ನಡೆಯುತ್ತಿತ್ತೆಂಬುದನ್ನು ಬರೆದಿಟ್ಟುಕೊಡುವುದೇ ನಾವು ಮಾಡಬಹುದಾದ ಉಪಕಾರ. ನೀರು ಕಾಯಿಸುವ ಸುರುಳಿಯು ಒಳಗೆ ಬಿರಿದು ಸೋರುವುದು ಇದಕ್ಕೊಂದು ಸಾಮಾನ್ಯ ಕಾರಣ.

ಪರೀಕ್ಷಕನ ದಿನಚರಿ

ಮೇಲಿನದೆಲ್ಲವನ್ನೂ ಈ ಐದು ಸೂತ್ರಗಳಲ್ಲಿ ಅಡಗಿಸಬಹುದು.

೧. ಪ್ರಾಣಕ್ಕೆ ಸಂಬಂಧಿಸಿದ ಗಂಟೆಯಾದರೆ ಮೊದಲು ಅದರ ಮಾತನ್ನು ನಡೆಸು, ವಿಚಾರ ಆಮೇಲೆ.
೨. ಪ್ರತಿ ಕೂಗಿಗೂ ದಿನ, ಗಂಟೆ, ಹವೆ, ನಡೆಯುತ್ತಿದ್ದ ಉಪಕರಣಗಳು, ಎಂಜಿನು ಓಡುತ್ತಿತ್ತೋ ಇಲ್ಲವೋ, ಬ್ಯಾಟರಿಯ ವೋಲ್ಟು, ಕೂಗಿದ ಯಂತ್ರದ ಬಳಿಯ ವೋಲ್ಟು, ಇಷ್ಟನ್ನೂ ಬರೆದಿಡು. ಏಳೆಂಟು ಸಲ ಬರೆದರೆ ಸನ್ನಿವೇಶದ ಮುಖ ಕಾಣುತ್ತದೆ.
೩. ಆ ಸನ್ನಿವೇಶವನ್ನು ಹಗಲಿನಲ್ಲಿ ನೀನಾಗಿ ಕೂಡಿಸಿ ಕೂಗನ್ನು ಬರಿಸಿ ನೋಡು. ಬರಿಸಲು ಬಲ್ಲವನೇ ನಿಲ್ಲಿಸಲು ಬಲ್ಲನು.
೪. ಒಂದು ಸಲಕ್ಕೆ ಒಂದನ್ನೇ ಬದಲಿಸು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗುಣವಾದುದು ಯಾವುದರಿಂದ ಎಂದು ತಿಳಿಯದು.
೫. ಸರಿಪಡಿಸಿದ ಮೇಲೆ ಮತ್ತೆ ಅದೇ ಸನ್ನಿವೇಶವನ್ನು ಕೂಡಿಸು. ಆಗಲೂ ಗಂಟೆ ಸುಮ್ಮನಿದ್ದರೆ, ಪರೀಕ್ಷೆಯ ಗುಂಡಿಯನ್ನೊತ್ತಿ ಅದಿನ್ನೂ ಕೂಗಬಲ್ಲದೆಂಬುದನ್ನು ನೋಡು. ಇಷ್ಟಾದ ಮೇಲೆ ಮಾತ್ರ ಕೆಲಸ ಮುಗಿಯಿತೆನ್ನು.

ಮನೆಗಾಡಿಯನ್ನು ಕಾಣದ ವಿದ್ಯಾರ್ಥಿಗೂ ಈ ಸೂತ್ರಗಳು ಒದಗುವುವು. ಶಾಲೆಯ ಬಸ್ಸು, ತೋಟದ ಪಂಪು, ಮನೆಯ ಇನ್ವರ್ಟರು, ಇವುಗಳಲ್ಲೆಲ್ಲ ಜೋಡಣೆ ಸಡಿಲಾಗುವುದೂ ತಂತಿ ಸವೆಯುವುದೂ ಒಂದೇ ರೀತಿ. ಓಮನ ನಿಯಮವೂ ಎಲ್ಲೆಡೆ ಒಂದೇ.

ಅಭ್ಯಾಸ: (೧) ೦.೦೫ ಓಮ್ ರೋಧವಿರುವ ಜೋಡಣೆಯಲ್ಲಿ ೨೦ ಆಂಪಿಯರ್ ಹರಿದರೆ ನಷ್ಟವಾಗುವ ವೋಲ್ಟೆಷ್ಟು? ಅಲ್ಲಿ ಹುಟ್ಟುವ ಶಾಖ ಎಷ್ಟು ವಾಟು? (೨) ಮೇಲಿನ ಉದಾಹರಣೆಯ ಗಾಡಿಯಲ್ಲಿ ಬೋಲ್ಟನ್ನು ಉಜ್ಜಿ ಬಿಗಿದ ಮೇಲೆ ಅದರ ರೋಧ ೦.೦೧ ಓಮಿಗೆ ಇಳಿಯಿತು. ನಡುರಾತ್ರಿ ಅದೇ ಭಾರದಲ್ಲಿ ಕಾವಲುಯಂತ್ರಕ್ಕೆ ಎಷ್ಟು ವೋಲ್ಟು ದೊರೆಯುತ್ತದೆ? ಅದು ಕೂಗುವುದೆ? (೩) ನಿಮ್ಮ ಮನೆಯಲ್ಲಿ ಬಿಟ್ಟು ಬಿಟ್ಟು ತೋರುವ ಒಂದು ದೋಷವನ್ನು ಆರಿಸಿಕೊಂಡು, ಯಾವುದನ್ನೂ ಬಿಚ್ಚದೆ, ಒಂದು ವಾರ ಅದರ ದಿನಚರಿಯನ್ನು ಬರೆಯಿರಿ. ಅದು ಯಾವ ಸನ್ನಿವೇಶದಲ್ಲಿ ಬರುತ್ತದೆಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿರಿ.